ಡಾಂಬರು ಮುಗಿದ ಮೇಲಿನ ದಾರಿ

ಮಕ್ಕಳ ವಿದ್ಯಾಭ್ಯಾಸ, ವಿವಾಹ, ವೃದ್ಧರ ಆರೈಕೆ ಮುಂತಾದ ಗೃಹವಿಚಾರಗಳಿಗೆ ಮೀಸಲಾದ ಈ ಅಂಕಣದಲ್ಲಿ ಮೋಟಾರ್ ಸೈಕಲ್ಲಿನ ಪ್ರಸ್ತಾಪವೇಕೆಂದು ಕೆಲವರು ಹುಬ್ಬೇರಿಸಬಹುದು. ಆದರೆ ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರಗಳ ಕಡೆ ತರುಣರಿರುವ ಮನೆಗಳಲ್ಲಿ ಶನಿವಾರದ ರಾತ್ರಿ ತಾಯಂದಿರ ಮುಖವನ್ನು ಕಂಡವರು ಇದೂ ಗೃಹವಿಚಾರವೇ ಎಂದು ಒಪ್ಪುತ್ತಾರೆ. ಮಗ ಬೆಳಗಿನ ನಾಲ್ಕಕ್ಕೆ ಎದ್ದು ಬೈಕಿನೊಡನೆ ಹೋಗುತ್ತಾನೆ; ಎಲ್ಲಿಗೆಂದರೆ 'ಇಲ್ಲೇ' ಎನ್ನುತ್ತಾನೆ. ಈಚೆಗೆ ನಂದಿಬೆಟ್ಟದ ಡಾಂಬರು ರಸ್ತೆಯೂ ಹುಡುಗರಿಗೆ ಸಾಲದಾಗಿದೆ. ಕಲ್ಲು, ಮಣ್ಣು, ಕೆಸರು, ಕೆರೆಯಂಗಳ, ಹೀಗೆ ರಸ್ತೆಯಲ್ಲದ ಕಡೆ ಬೈಕು ನಡೆಸುವುದರಲ್ಲಿ ಅವರಿಗೆ ಆನಂದ. ಅದಕ್ಕೆ 'ಆಫ್‌-ರೋಡ್' ಎಂದು ಹೆಸರು.

ಕಳೆದ ವರ್ಷದ ಶ್ರಾವಣದ ಒಂದು ಭಾನುವಾರ ಮಧ್ಯಾಹ್ನ ನಮ್ಮ ತಂಗಿಯ ಮಗನಿಂದ ನಮಗೆ ಕರೆ ಬಂದಿತು. "ಮಾವ, ಅಮ್ಮನಿಗೆ ಈಗಲೇ ಹೇಳಬೇಡಿ, ನನಗೇನೂ ಆಗಿಲ್ಲ" ಎಂಬ ಪೀಠಿಕೆಯಿಂದಲೇ ಏನೋ ಆಗಿದೆಯೆಂದು ತಿಳಿಯಿತು. ಗೆಳೆಯರಾರು ಮಂದಿ ಹೆಸರಘಟ್ಟದ ಕೆರೆಯ ಕಡೆ ಹೋಗಿ, ಮಳೆಗೆ ನೆನೆದ ಹುಲ್ಲುಗಾವಲಿನಲ್ಲಿ ಒಬ್ಬರನ್ನೊಬ್ಬರು ಹಿಂದಿಕ್ಕುವ ಆಟವಾಡಿದ್ದರು. ಆರ್.ಟಿ. ನಗರದ ಹುಡುಗನೊಬ್ಬ ಬಿದ್ದು ಕೊರಳೆಲುಬು ಮುರಿದುಕೊಂಡಿದ್ದ. ಎಲುಬಿಗಿಂತ ನಮ್ಮನ್ನು ಹೆಚ್ಚಾಗಿ ಕಾಡಿದ್ದು ಬೇರೊಂದು ಸಂಗತಿ. 108ಕ್ಕೆ ಕರೆ ಮಾಡಿದವನಿಗೆ ತಾವು ಎಲ್ಲಿದ್ದೇವೆಂದು ಹೇಳಲು ಬರಲಿಲ್ಲ. ಊರಿನ ಹೆಸರು ಗೊತ್ತಿಲ್ಲ, ದಾರಿಯ ಗುರುತಿಲ್ಲ. ಮುಂದೆ ಹೋಗಿದ್ದ ಮೂವರಿಗೆ ಹಿಂದೆ ಒಬ್ಬ ಬಿದ್ದದ್ದೇ ಅರ್ಧ ಗಂಟೆ ತಿಳಿದಿರಲಿಲ್ಲ. ಕೊನೆಗೆ ಅಲ್ಲಿ ಕುರಿ ಮೇಯಿಸುತ್ತಿದ್ದ ಯಜಮಾನರೊಬ್ಬರು ಹುಡುಗನ ಕೈಯನ್ನು ತಮ್ಮ ಟವಲಿನಿಂದ ಎದೆಗೆ ಕಟ್ಟಿ, ರಸ್ತೆಯವರೆಗೆ ನಡೆಸಿಕೊಂಡು ಬಂದರು.

ಮರುದಿನ ನಾವು ಅಳಿಯನೊಡನೆ ಆ ಯಜಮಾನರನ್ನು ಹುಡುಕಿಕೊಂಡು ಹೋದೆವು. ನಮ್ಮ ಕೃತಜ್ಞತೆಯನ್ನು ಅವರು ಬೇಗ ಮುಗಿಸಿದರು. ತಮ್ಮ ಮಾತನ್ನು ಮುಗಿಸಲಿಲ್ಲ. "ಸ್ವಾಮಿ, ಹುಡುಗರು ಬೀಳ್ತಾರೆ, ಏಳ್ತಾರೆ, ಅದಿರಲಿ. ಇದು ರಸ್ತೆ ಅಲ್ಲ, ನಮ್ಮ ಕುರಿಗಳ ತಟ್ಟೆ. ತಟ್ಟೆ ಮೇಲೆ ಚಕ್ರ ಹರಿಸ್ತಾರಲ್ಲ" ಎಂದರು. ಚಕ್ರ ಹರಿದ ಕಡೆ ಹುಲ್ಲು ಕಿತ್ತು ಕೆಂಪು ಮಣ್ಣಿನ ಚರಂಡಿಗಳಾಗಿದ್ದವು. ಅಳಿಯ ತಲೆ ತಗ್ಗಿಸಿ ನಿಂತಿದ್ದ.

ಹೆಸರಘಟ್ಟವನ್ನು ಬೆಂಗಳೂರಿನವರು ಮರೆಯುವಂತಿಲ್ಲ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯ ನೀರನ್ನು ಇಲ್ಲಿ ನಿಲ್ಲಿಸಿ 1894ರಿಂದ ನಗರಕ್ಕೆ ಕುಡಿಯಲು ಒದಗಿಸಿದರು. ಕೆರೆಯ ಸುತ್ತ ಐದು ಸಾವಿರ ಎಕರೆಗೂ ಮಿಕ್ಕಿದ ಬಯಲಿದೆ. ನೋಡುವವರ ಕಣ್ಣಿಗೆ ಅದು ಬರೀ ಪಾಳು. ಆದರೆ ನೆಲಗುಬ್ಬಿಯಂಥ ಹಕ್ಕಿಗಳು ಮರದ ಮೇಲಲ್ಲ, ಆ ಹುಲ್ಲಿನ ಬುಡದಲ್ಲೇ ಗೂಡು ಕಟ್ಟಿ ಮೊಟ್ಟೆಯಿಡುತ್ತವೆ. ಅದನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿಸುವ ಪ್ರಸ್ತಾವವನ್ನು 2021ರಲ್ಲಿ ತಳ್ಳಿಹಾಕಿದ್ದ ರಾಜ್ಯ ವನ್ಯಜೀವಿ ಮಂಡಳಿಯು 2024ರಲ್ಲಿ ಒಪ್ಪಿಕೊಂಡಿತು. ಅಂಥ ನೆಲದಲ್ಲಿ ನಮ್ಮ ಮನೆಯ ಹುಡುಗರು ಚಕ್ರವಾಡಿಸಿದ್ದರು. ಬಯಲೆಂದರೆ ಯಾರದೂ ಅಲ್ಲದ ಜಾಗವೆಂಬ ನಗರವಾಸಿಗಳ ಭ್ರಮೆಯೇ ಇದಕ್ಕೆ ಕಾರಣವೆಂದು ನಮ್ಮ ಅನಿಸಿಕೆ.

ಎಲುಬು ಕೂಡಿದ ಮೇಲೆ, ಕಾರ್ತಿಕ ಮಾಸದ ಒಂದು ಸಂಜೆ, ಆರೂ ಜನ ನಮ್ಮ ಮನೆಯ ಜಗುಲಿಯ ಮೇಲೆ ಬಂದು ಕುಳಿತರು. ಮತ್ತೆ ಹೋಗಬೇಕಂತೆ, ಈ ಸಲ ಎರಡು ದಿನ, ಎಲ್ಲರೂ ಸೇರಿ. ಮನೆಗಳಲ್ಲಿ ಒಪ್ಪಿಗೆಯಿಲ್ಲ, ಆದ್ದರಿಂದ ನಮ್ಮ ಮಧ್ಯಸ್ಥಿಕೆ ಬೇಕಂತೆ. ತಂಗಿ ಒಳಗಿನಿಂದ ನಮ್ಮನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ. ಆದರೂ ನಾವು ಬೇಡವೆನ್ನಲಿಲ್ಲ. ಬೇಡವೆಂದರೆ ಅವರು ಹೇಳದೆ ಹೋಗುತ್ತಾರೆಂಬುದನ್ನು ಶ್ರಾವಣದಲ್ಲಿ ನೋಡಿಯಾಗಿತ್ತು. ಹೋಗುವ ಎಲ್ಲವನ್ನೂ ಒಂದು ಹಾಳೆಯ ಮೇಲೆ ಬರೆದುಕೊಂಡು ಬನ್ನಿರಿ, ಆ ಹಾಳೆ ನಿಮ್ಮ ತಾಯಂದಿರಿಗೆ ಒಪ್ಪಿಗೆಯಾಗಬೇಕು, ಎಂದಷ್ಟೇ ಹೇಳಿದೆವು.

ಮೊದಲ ಹಾಳೆ ಬಂದಿತು. ಅದರಲ್ಲಿ ಊಟದ ವಿಷಯ ಎಂಟು ಸಾಲು, ಆಸ್ಪತ್ರೆಯ ವಿಷಯ ಒಂದೂ ಇರಲಿಲ್ಲ.

ಗುಂಪಿನಲ್ಲಿ ಎರಡು ಪಕ್ಷಗಳಿದ್ದವು. ಹಣ ಕೊಟ್ಟು, ಮಾರ್ಗದರ್ಶಕರು ನಡೆಸುವ ಯಾತ್ರೆಗೆ ಸೇರಬೇಕೆಂಬುದು ಒಂದು ಪಕ್ಷ. ಅಷ್ಟು ಹಣಕ್ಕೆ ತಾವೇ ಮೂರು ಸಲ ಹೋಗಿಬರಬಹುದೆಂಬುದು ಇನ್ನೊಂದು. ಇಬ್ಬರ ಮಾತಿನಲ್ಲಿಯೂ ಸತ್ಯವಿತ್ತು. ಮಾರ್ಗದರ್ಶಕನಿಗೆ ಕೊಡುವ ಹಣ ಬರೀ ದಾರಿ ತೋರಿಸುವುದಕ್ಕಲ್ಲ. ಬಿದ್ದವನನ್ನು ಹೊತ್ತೊಯ್ಯುವ ಹಿಂಬಾಲಕ ವಾಹನ, ಕೆಟ್ಟ ಬೈಕಿಗೆ ಮೆಕ್ಯಾನಿಕ್, ಪ್ರಥಮ ಚಿಕಿತ್ಸೆ ಬಲ್ಲ ಮನುಷ್ಯ, ನೆಲದ ಒಡೆಯರ ಅನುಮತಿ ಇವೆಲ್ಲಕ್ಕೂ ಸೇರಿದ ಹಣ ಅದು. ಇವು ಉಂಟೋ ಇಲ್ಲವೋ ಎಂದು ಕೇಳದೆ ಹಣ ಕಟ್ಟುವವರೇ ಹೆಚ್ಚು. ಎಷ್ಟು ಸವಾರರಿಗೆ ಒಬ್ಬ ಮಾರ್ಗದರ್ಶಕ, ಬೈಕಿಗೆ ಪೆಟ್ಟಾದರೆ ಖರ್ಚು ಯಾರದು, ಮಳೆ ಬಂದು ನಿಂತರೆ ಹಣ ಹಿಂದಿರುಗುವುದೇ ಎಂಬ ಪ್ರಶ್ನೆಗಳಿಗೆ ಬಾಯಿಮಾತಿನ ಉತ್ತರ ಸಾಲದು, ಬರಹದಲ್ಲಿ ಪಡೆಯಬೇಕು. ಬರೆದು ಕೊಡಲು ಹಿಂಜರಿಯುವವರ ಜೊತೆ ಹೋಗದಿರುವುದೇ ಲೇಸು.

ನಾವು ಕೊಟ್ಟ ಸಲಹೆ ಎರಡೂ ಪಕ್ಷಗಳಿಗೆ ಅರ್ಧರ್ಧ ಒಪ್ಪಿಗೆಯಾಯಿತು. ಒಂದು ದಿನದ ಶಿಕ್ಷಣಕ್ಕೆ ಹಣ ಕೊಡಿ. ಎರಡು ದಿನದ ಪ್ರವಾಸವನ್ನು ನೀವೇ ಮಿತವ್ಯಯದಲ್ಲಿ ಮಾಡಿ. ಕಲಿಯದೆ ಮಣ್ಣಿಗಿಳಿದದ್ದಕ್ಕೆ ಆಸ್ಪತ್ರೆಯಲ್ಲಿ ತೆತ್ತ ಹಣ ಆ ಶಿಕ್ಷಣದ ಶುಲ್ಕಕ್ಕಿಂತ ಎಷ್ಟು ಹೆಚ್ಚೆಂದು ಆರ್.ಟಿ. ನಗರದ ಹುಡುಗನ ತಂದೆ ಲೆಕ್ಕ ಬರೆದೇ ತೋರಿಸಿದರು.

ಇಂಥ ಶಿಕ್ಷಣಕ್ಕೆ ನಾವು ಹೊರರಾಜ್ಯ ನೋಡಬೇಕಾಗಿಲ್ಲ. ಬೆಂಗಳೂರಿನವರೇ ಆದ ಸಿ.ಎಸ್. ಸಂತೋಷ್ ಅವರು ಕೋಲಾರದ ಬಳಿ ಮಣ್ಣಿನ ಹಾದಿಯ ಸವಾರಿಯನ್ನು ಕಲಿಸುವ ಬಿಗ್ ರಾಕ್ ಎಂಬ ಕೇಂದ್ರವನ್ನು ಸ್ಥಾಪಿಸಿದರು. ಜಗತ್ತಿನಲ್ಲೇ ಅತಿ ಕಠಿನವೆನಿಸಿದ ಡಕಾರ್ ರ‍್ಯಾಲಿಯನ್ನು 2015ರಲ್ಲಿ ಪೂರ್ಣಗೊಳಿಸಿದ ಮೊದಲ ಭಾರತೀಯರು ಅವರು. ಆ ವರ್ಷ ಅವರ ಸ್ಥಾನ 36. ಅದೇ ಸಂತೋಷ್ 2021ರ ಜನವರಿಯಲ್ಲಿ ಸೌದಿ ಅರೇಬಿಯಾದ ಮರುಭೂಮಿಯಲ್ಲಿ ಬಿದ್ದು, ವೈದ್ಯರು ಅವರನ್ನು ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿಟ್ಟು ಚಿಕಿತ್ಸೆ ನೀಡಬೇಕಾಯಿತು. ರಕ್ಷಣಾ ಹೆಲಿಕಾಪ್ಟರು ಕಾದಿರುವ ಸ್ಪರ್ಧೆಯಲ್ಲಿ, ಅಂಥ ಅನುಭವಿಗೆ ಬಂದ ಗತಿ ಅದು. ಹುಡುಗರಿಗೆ ನಾವು ಈ ಎರಡೂ ವರ್ಷಗಳನ್ನು ಒಟ್ಟಿಗೇ ಹೇಳಿದೆವು.

ಶಿಕ್ಷಣ ಮುಗಿಸಿ ಬಂದ ಅಳಿಯ ಅಂಗಳದಲ್ಲಿ ನಮಗೆ ಪ್ರಾತ್ಯಕ್ಷಿಕೆ ತೋರಿಸಿದ. ಕಲ್ಲುಮಣ್ಣಿನ ದಾರಿಯಲ್ಲಿ ಸೀಟಿನ ಮೇಲೆ ಕೂರಬಾರದಂತೆ; ಕಾಲೂರುವ ಕಡ್ಡಿಗಳ ಮೇಲೆ ನಿಂತು, ಮೊಣಕಾಲುಗಳಿಂದ ಪೆಟ್ರೋಲ್ ಟ್ಯಾಂಕನ್ನು ಅಪ್ಪಿಹಿಡಿಯಬೇಕಂತೆ. ಆಗ ಬೈಕು ಕೆಳಗೆ ಕುಣಿದರೂ ಸವಾರನ ದೇಹ ಕುಣಿಯುವುದಿಲ್ಲ. ದೃಷ್ಟಿ ಮುಂಚಕ್ರದ ಮೇಲಲ್ಲ, ದೂರದ ದಾರಿಯ ಮೇಲಿರಬೇಕು. ಗುಂಡಿಯನ್ನೇ ನೋಡುವವನು ಗುಂಡಿಗೇ ಹೋಗುತ್ತಾನೆ. ಕೆಸರಿನಲ್ಲಿ, ತಿರುವಿನಲ್ಲಿ ಮುಂದಿನ ಬ್ರೇಕನ್ನು ಒಮ್ಮೆಗೇ ಹಿಡಿದರೆ ಚಕ್ರ ಜಾರುತ್ತದೆ. ಕೆಲವು ಬೈಕುಗಳಲ್ಲಿ ಹಿಂಚಕ್ರದ ಎ.ಬಿ.ಎಸ್. ನಿಲ್ಲಿಸುವ ಗುಂಡಿಯಿರುತ್ತದೆ, ಮಣ್ಣಿಗಿಳಿದಾಗ ನಿಲ್ಲಿಸಿದ್ದನ್ನು ಡಾಂಬರಿಗೆ ಬಂದೊಡನೆ ಮತ್ತೆ ಹಾಕಬೇಕು. ಹಾಗೆಯೇ ಚಕ್ರದ ಗಾಳಿ: ಮಣ್ಣಿನಲ್ಲಿ ಸ್ವಲ್ಪ ಇಳಿಸಿದರೆ ಹಿಡಿತ ಹೆಚ್ಚುತ್ತದೆ, ಆದರೆ ಇಳಿದ ಗಾಳಿಯಲ್ಲೇ ಹೆದ್ದಾರಿಯ ವೇಗಕ್ಕೆ ಹೋದರೆ ಅಪಾಯ. ಕೈಪಂಪು ಜೊತೆಯಲ್ಲಿರಲೇಬೇಕು.

ಬಿದ್ದ ಬೈಕನ್ನು ಎತ್ತುವುದೂ ಒಂದು ವಿದ್ಯೆ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬೈಕಿನ ತೂಕ 200 ಕೆ.ಜಿ.ಯ ಆಸುಪಾಸು, ಹೀರೋ ಎಕ್ಸ್‌ಪಲ್ಸ್ 160 ಕೆ.ಜಿ.ಗಿಂತ ಸ್ವಲ್ಪ ಕಡಿಮೆ. ಬೆನ್ನು ಬಗ್ಗಿಸಿ ಎತ್ತಿದರೆ ಬೆನ್ನೇ ಹೋಗುತ್ತದೆ. ಬೈಕಿಗೆ ಬೆನ್ನು ಕೊಟ್ಟು, ಕಾಲಿನ ಬಲದಿಂದ ಹಿಮ್ಮುಖವಾಗಿ ತಳ್ಳಬೇಕು. ದೊಡ್ಡ ಬೈಕಿಲ್ಲವೆಂದು ಕೊರಗುವ ತರುಣರಿಗೆ ಒಂದು ಮಾತು: ನೆಲಮಂಗಲ, ದೊಡ್ಡಬಳ್ಳಾಪುರಗಳ ಹಳ್ಳಿಗಳಲ್ಲಿ ಡೇರಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಟಿ.ವಿ.ಎಸ್. ಎಕ್ಸೆಲ್ ಮೇಲೆ ಹೋಗುವ ರೈತರು, ನೀವು ಸಾಹಸವೆನ್ನುವ ದಾರಿಯನ್ನು ದಿನಕ್ಕೆರಡು ಸಲ ದಾಟುತ್ತಾರೆ.

ಬೈಕಿಲ್ಲದ ಇಬ್ಬರು ಬಾಡಿಗೆಗೆ ಹೊರಟರು. ಸ್ವಂತ ಬಳಕೆಯ ಬಿಳಿ ಫಲಕದ ಬೈಕನ್ನು ಬಾಡಿಗೆಗೆ ಕೊಡುವಂತಿಲ್ಲ. ಬಾಡಿಗೆಯ ಬೈಕಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರವಿರುತ್ತದೆ. ಫಲಕ ಸರಿಯಿದ್ದರೂ ಕರಾರನ್ನು ಓದಬೇಕು. ಕಚ್ಚಾ ದಾರಿಯಲ್ಲಿ ಓಡಿಸಬಾರದೆಂದು ಸಣ್ಣ ಅಕ್ಷರದಲ್ಲಿ ಬರೆದಿದ್ದರೆ ಇಟ್ಟ ಠೇವಣಿ ಹೋದಂತೆಯೇ. ವಿಮೆಯ ಪತ್ರದಲ್ಲಿಯೂ ವೇಗದ ಪೈಪೋಟಿಯಲ್ಲಾದ ನಷ್ಟಕ್ಕೆ ಪರಿಹಾರವಿಲ್ಲವೆಂಬ ಷರತ್ತು ಇರುತ್ತದೆ. ಹೆಸರಘಟ್ಟದ ಆಟವನ್ನು ವಿಮೆಯವರು ಏನೆಂದು ಕರೆಯುತ್ತಿದ್ದರೋ!

ಇನ್ನು ದಾರಿ. ಯಲಹಂಕದಿಂದ ದೊಡ್ಡಬಳ್ಳಾಪುರ, ಅಲ್ಲಿಂದ ದಾಬಸ್‌ಪೇಟೆ, ಶಿವಗಂಗೆ. ರಾತ್ರಿ ತುಮಕೂರಿನಲ್ಲಿ ತಂಗಿ, ಮರುದಿನ ಬೇರೆ ಹಳ್ಳಿಗಳ ಮೂಲಕ ಹಿಂದಕ್ಕೆ. ಹೆದ್ದಾರಿಯನ್ನು ಬಿಟ್ಟು ಅಲ್ಲಲ್ಲಿ ಬಂಡಿದಾರಿ ಹಿಡಿಯುವುದೆಂದು ತೀರ್ಮಾನ. ಯಾವ ಬಂಡಿದಾರಿ ಎಂಬುದರಲ್ಲಿ ನಾವು ಕಠಿನವಾಗಿದ್ದೆವು. ಕಂದಾಯ ಇಲಾಖೆಯ ಗ್ರಾಮ ನಕಾಶೆಯಲ್ಲಿ ಬಂಡಿದಾರಿಯನ್ನೂ ಕಾಲುದಾರಿಯನ್ನೂ ಬೇರೆ ಬೇರೆಯಾಗಿಯೇ ಗುರುತಿಸಿರುತ್ತಾರೆ. ನಕಾಶೆ ಕಂಡ ಬಂಡಿದಾರಿಯಲ್ಲಿ ಹೋಗಬಹುದು. ಕೆರೆಯಂಗಳ, ಗೋಮಾಳ, ಯಾರದೋ ಬದು, ಇವು ದಾರಿಯಲ್ಲ. ದೇವರಾಯನದುರ್ಗದ ಕಾಡಿನ ಒಳಹಾದಿಗಳು ಹುಡುಗರ ಪಟ್ಟಿಯಲ್ಲಿದ್ದವು, ಅದನ್ನು ಹೊಡೆದುಹಾಕಿಸಿದೆವು. ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ನುಗ್ಗುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಪ್ರತಿ ಹಳ್ಳಿಯ ಅಂಚಿನಲ್ಲಿ ಬೈಕು ನಿಲ್ಲಿಸಿ, ಹೆಲ್ಮೆಟ್ ತೆಗೆದು, ಡೇರಿಯ ಮುಂದೆಯೋ ಅರಳಿಕಟ್ಟೆಯ ಮೇಲೋ ಇರುವ ಹಿರಿಯರನ್ನು ದಾರಿ ಕೇಳುವುದೆಂದು ಹಾಳೆಯಲ್ಲಿ ಬರೆಸಿದೆವು. ಮಿತವ್ಯಯದ ಪ್ರವಾಸಕ್ಕೆ ಅವರೇ ಮಾರ್ಗದರ್ಶಕರು. ಯಾವ ಹಳ್ಳ ತುಂಬಿದೆ, ಯಾವ ಸೇತುವೆ ಕುಸಿದಿದೆ ಎಂಬುದು ಕೈಯಲ್ಲಿರುವ ದೂರವಾಣಿಯ ನಕ್ಷೆಗೆ ಗೊತ್ತಿರುವುದಿಲ್ಲ.

ಕಾಲವೂ ಮುಖ್ಯ. ನಮ್ಮ ಕಡೆಯ ಕೆಂಪು ಮಣ್ಣು ಮಳೆಯಲ್ಲಿ ಸೋಪಿನಂತೆ ಜಾರುತ್ತದೆ. ಬೇಸಿಗೆಯಲ್ಲಿ ಧೂಳೆದ್ದು ಮುಂದಿನವನು ಕಾಣುವುದಿಲ್ಲ. ಮಳೆ ನಿಂತು ನೆಲ ಗಟ್ಟಿಯಾದ ತಿಂಗಳುಗಳೇ ಸೂಕ್ತ. ಆದರೆ ಅದೇ ಸುಗ್ಗಿಯ ಕಾಲವೂ ಹೌದು. ರೈತರು ರಾಗಿ, ಹುರುಳಿಯನ್ನು ರಸ್ತೆಯ ಮೇಲೆಯೇ ಹರಡಿರುತ್ತಾರೆ. ಅದರ ಮೇಲೆ ವಾಹನ ಹೋಗಲೆಂದೇ ಹರಡಿದ್ದರೂ ಎರಡು ಚಕ್ರದವರು ನಿಧಾನಿಸದಿದ್ದರೆ ಒಕ್ಕಣೆ ಅವರದೇ ಆಗುತ್ತದೆ. ಅವರೆಯ ಹೊಲವೂ ಆಗ ಕೈಗೆಟುಕುವಂತೆ ಇರುತ್ತದೆ. ಕೀಳಬಾರದು, ಕೊಳ್ಳಬೇಕು.

ಗುಂಪಿನ ನಡೆಯ ಬಗ್ಗೆ ಹೆಚ್ಚು ಚರ್ಚೆಯಾಯಿತು. ಮುಂದೆ ಹೋಗುವವನು ಒಬ್ಬ, ಕೊನೆಯಲ್ಲಿ ಬರುವವನು ಒಬ್ಬ. ಇವರಿಬ್ಬರೂ ಅನುಭವಿಗಳು, ಇವರನ್ನು ಯಾರೂ ಹಿಂದಿಕ್ಕುವಂತಿಲ್ಲ. ಮುಂದಿನವನ ಹಿಂದೆಯೇ ಗುಂಪಿನಲ್ಲಿ ಅತಿ ನಿಧಾನದವನಿರಬೇಕು. ಹುಡುಗರು ಅವನನ್ನು ಕೊನೆಗೆ ಹಾಕಿದ್ದರು. ಕೊನೆಯಲ್ಲಿರುವ ನಿಧಾನಿ ಎಲ್ಲರನ್ನೂ ಹಿಡಿಯುವ ಆತುರದಲ್ಲಿ ತನ್ನ ಶಕ್ತಿ ಮೀರಿ ಓಡಿಸುತ್ತಾನೆ. ಹೆಸರಘಟ್ಟದಲ್ಲಿ ಬಿದ್ದವನೂ ಹಾಗೆಯೇ ಬಿದ್ದದ್ದೆಂದು ಅವನೇ ಹೇಳಿದ. ಪ್ರತಿ ತಿರುವಿನಲ್ಲಿ, ಹಿಂದಿನ ಸವಾರ ಕಣ್ಣಿಗೆ ಬೀಳುವವರೆಗೆ ಮುಂದಿನವನು ನಿಲ್ಲಬೇಕು. ಒಬ್ಬ ಸಾಕೆಂದರೆ ಎಲ್ಲರಿಗೂ ಸಾಕು, ಅವನನ್ನು ಹಾಸ್ಯ ಮಾಡುವಂತಿಲ್ಲ. ಪ್ರತಿ ಎರಡು ಗಂಟೆಗೊಮ್ಮೆ ಹತ್ತಿರದ ಊರಿನ ಹೆಸರನ್ನು ಮನೆಗೆ ತಿಳಿಸಬೇಕು. ಮುಂದಿನ ದಾರಿಯಲ್ಲಿ ಆಸ್ಪತ್ರೆ ಎಲ್ಲಿದೆಯೆಂದು ಹೊರಡುವ ಮೊದಲೇ ಬರೆದಿರಬೇಕು. 112, 108 ಎರಡೂ ಎಲ್ಲರಿಗೂ ಬಾಯಿಪಾಠ. ರಕ್ತದ ಗುಂಪು ಎಲ್ಲರ ಜೇಬಿನಲ್ಲಿ.

ಹಣದ ಮಾತಿಗೆ ಬರೋಣ. ಪೆಟ್ರೋಲಿಗೆ ತಲಾ 850 ರೂಪಾಯಿ, ವಸತಿಗೆ ಮೂವರಿಗೊಂದು ಕೋಣೆಯಂತೆ ತಲಾ 500, ಊಟಕ್ಕೆ 400, ಆಪತ್ತಿನ ನಿಧಿಗೆ 750, ಒಟ್ಟು 2,500 ರೂಪಾಯಿಗಳನ್ನು ಪ್ರತಿಯೊಬ್ಬರೂ ಮೊದಲೇ ಒಬ್ಬನ ಕೈಗೆ ಕೊಡಬೇಕು. ದಾರಿಯಲ್ಲಿ ಲೆಕ್ಕ ಹಾಕುತ್ತ ಕುಳಿತರೆ ಸ್ನೇಹ ಕೆಡುತ್ತದೆ. ಮೊದಲ ದಿನ ಮನೆಯ ಬುತ್ತಿ: ಚಪಾತಿ, ಶೇಂಗಾ ಚಟ್ನಿಪುಡಿ, ಅವಲಕ್ಕಿ. ಶನಿವಾರ ರಾತ್ರಿ ಸಿದ್ಧಗಂಗೆಯ ದಾಸೋಹ. ಲಿಂಗೈಕ್ಯ ಶಿವಕುಮಾರ ಸ್ವಾಮಿಗಳು ಬೆಳೆಸಿದ ಆ ಪಂಕ್ತಿಯಲ್ಲಿ ಯಾರು, ಎಲ್ಲಿಯವರು ಎಂದು ಕೇಳುವವರಿಲ್ಲ. ಆದರೆ ಉಚಿತವೆಂಬ ಕಾರಣಕ್ಕೆ ಕೆಸರಿನ ಬೂಟಿನಲ್ಲಿ ನುಗ್ಗದೆ, ಕೈಕಾಲು ತೊಳೆದು ಕುಳಿತು, ಊಟದ 400ರಲ್ಲಿ ಉಳಿದದ್ದನ್ನು ಹುಂಡಿಗೆ ಹಾಕಬೇಕೆಂದು ತಂಗಿಯೇ ಹಾಳೆಯಲ್ಲಿ ತನ್ನ ಕೈಯಿಂದ ಬರೆದಳು. ಆಕೆ ಆ ಹಾಳೆಯನ್ನು ಮುಟ್ಟಿದ್ದು ಅದೇ ಮೊದಲು.

ಕಡಿಮೆ ಮಾಡಬಾರದ ಖರ್ಚು ಒಂದಿದೆ. ಐ.ಎಸ್. 4151 ಗುರುತಿನ, ಗಲ್ಲವನ್ನೂ ಮುಚ್ಚುವ ಹೆಲ್ಮೆಟ್, ಪಾದದ ಗಂಟನ್ನು ಮುಚ್ಚುವ ಬೂಟು, ಮೊಣಕೈ ಮೊಣಕಾಲುಗಳ ಕವಚ, ಕೈಗವಸು. ಹಾಸಿಗೆಯಲ್ಲಿ ಉಳಿಸಿ, ಊಟದಲ್ಲಿ ಉಳಿಸಿ, ಇವುಗಳಲ್ಲಿ ಉಳಿಸಬೇಡಿ. ಗೆಳೆಯರಲ್ಲಿ ಯಾರಾದರೂ ಹೋಗದಿರುವ ವಾರ ಅವರದನ್ನು ಕೇಳಿ ಪಡೆಯುವುದರಲ್ಲಿ ಅವಮಾನವೇನೂ ಇಲ್ಲ.

ಈ ಸುದ್ದಿ ತಿಳಿದು ಹೆಬ್ಬಾಳದ ನಮ್ಮ ಪರಿಚಿತರ ಮಗಳು ತಾನೂ ಬರುತ್ತೇನೆಂದಳು. ಎರಡು ಮನೆಗಳಲ್ಲಿ ಮುಖ ಗಂಟಾಯಿತು. 2019ರಲ್ಲಿ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಎಂಬ ತರುಣಿ ಬಾಹಾ ಸ್ಪರ್ಧೆಗಳ ವಿಶ್ವಕಪ್ಪಿನಲ್ಲಿ ಮಹಿಳಾ ವಿಭಾಗದ ಪ್ರಶಸ್ತಿ ಗೆದ್ದದ್ದನ್ನು ನಾವು ನೆನಪಿಸಿದೆವು. ಆ ಹುಡುಗಿಯ ತಾಯಿ ಮಾತ್ರ ಪ್ರಶಸ್ತಿಗಳ ಮಾತಿಗೆ ಕಿವಿಗೊಡದೆ, ಹಾಳೆಯನ್ನು ಎರಡು ಸಲ ಓದಿ, "ಕೊನೆಯಲ್ಲಿ ಬರೋರು ಯಾರು?" ಎಂದು ಕೇಳಿದರು. ಉತ್ತರ ತಿಳಿದ ಮೇಲೆ ಒಪ್ಪಿದರು. ಗುಂಪು ಏಳು ಜನರದಾಯಿತು, ಮೂರನೆಯ ಕೋಣೆ ಬೇಕಾಯಿತು, ತಲಾ ವಸತಿ ಖರ್ಚು ಏರಿತು. ಯಾರೂ ಗೊಣಗಲಿಲ್ಲ.

ಹುಡುಗರ ಕಣ್ಣು ಈಗಲೇ ಲಡಾಖಿನ ಮೇಲಿದೆ. ಯಶವಂತಪುರದಿಂದ ಚಂಡೀಗಢಕ್ಕೆ ಹೋಗುವ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್‌ನಂಥ ರೈಲಿನಲ್ಲಿ ಬೈಕನ್ನು ಪಾರ್ಸೆಲ್ ಮಾಡಬಹುದೆಂದು ವಿಚಾರಿಸಿಯೂ ಬಂದಿದ್ದಾರೆ: ಟ್ಯಾಂಕಿನ ಪೆಟ್ರೋಲ್ ಬರಿದು ಮಾಡಿ, ಗೋಣಿ ಸುತ್ತಿಸಿ, ಆರ್.ಸಿ.ಯ ಪ್ರತಿ ಕೊಡಬೇಕು. ಆ ಎತ್ತರದಲ್ಲಿ ಉಸಿರೇ ಕಷ್ಟ. ಬಿದ್ದ ಬೈಕನ್ನು ಎತ್ತುವ ಮಾತು ಬೇರೆ. ಅದಕ್ಕೆ ಬೇರೆಯೇ ಹಾಳೆ ಬೇಕೆಂದು ಸುಮ್ಮನಾಗಿಸಿದ್ದೇವೆ.

ಪುಷ್ಯದ ಎರಡನೆಯ ಶನಿವಾರ ಬೆಳಿಗ್ಗೆ ಆರಕ್ಕೆ ಏಳೂ ಜನ ಹೊರಟರು. ಶಿವಗಂಗೆಯ ಬೆಟ್ಟವನ್ನು ಕಾಲ್ನಡಿಗೆಯಲ್ಲಿ ಹತ್ತಿ ಗಂಗಾಧರೇಶ್ವರನ ದರ್ಶನ ಮಾಡಿದರು. ಎರಡು ಗಂಟೆಗೊಮ್ಮೆ ಬರಬೇಕಾದ ಸುದ್ದಿ ಒಮ್ಮೆ ಮೂರೂವರೆ ಗಂಟೆಯಾದರೂ ಬರಲಿಲ್ಲ. ತಂಗಿ ಆ ಒಂದೂವರೆ ಗಂಟೆ ದೇವರಮನೆಯಿಂದ ಹೊರಗೆ ಬರಲಿಲ್ಲ. ನಾವು ಗಡಿಯಾರವನ್ನು ನೋಡದಂತೆ ನಟಿಸುತ್ತಿದ್ದೆವು. ಕಡೆಗೆ ಕರೆ ಬಂದಿತು. ಹಿಂಚಕ್ರ ಪಂಕ್ಚರ್. ಕಡ್ಡಿಗಳಿರುವ ಆ ಚಕ್ರಕ್ಕೆ ಒಳಗೆ ಟ್ಯೂಬು. ಟ್ಯೂಬ್‌ಲೆಸ್ ಚಕ್ರಕ್ಕೆಂದು ಒಯ್ದಿದ್ದ ಸಾಮಗ್ರಿ ಉಪಯೋಗಕ್ಕೆ ಬರಲಿಲ್ಲ. ಇನ್ನೊಬ್ಬನ ಬಳಿಯಿದ್ದ ಹಳೆಯ ಡಬ್ಬಿಯ ಅಂಟು ಒಣಗಿಹೋಗಿತ್ತು. ಡೇರಿಗೆ ಹಾಲು ಹಾಕಿ ಹಿಂದಿರುಗುತ್ತಿದ್ದ ರೈತರೊಬ್ಬರು ತಮ್ಮ ಎಕ್ಸೆಲ್ ಮೇಲೆ ಚಕ್ರವನ್ನೂ ಅಳಿಯನನ್ನೂ ಕೂರಿಸಿಕೊಂಡು ನಾಲ್ಕು ಕಿಲೋಮೀಟರ್ ದೂರದ ಅಂಗಡಿಗೆ ಕರೆದೊಯ್ದರಂತೆ. ಉಳಿದ ಆರು ಮಂದಿ ಮುಂದೆ ಹೋಗದೆ ಅಲ್ಲಿಯೇ ಹುಣಸೆಮರದ ಕೆಳಗೆ ಕಾದರು. ಆ ದಿನ ಹಿಡಿಯಬೇಕಾಗಿದ್ದ ಕೊನೆಯ ಬಂಡಿದಾರಿಯನ್ನು ಕತ್ತಲಾಗುತ್ತದೆಂದು ಬಿಟ್ಟರು.

ಭಾನುವಾರ ಸಂಜೆ ಏಳಕ್ಕೆ ಹಿಂದಿರುಗಿದ ಅಳಿಯ ಧೂಳು ಕೊಡವುವ ಮೊದಲೇ ಹಾಳೆಯನ್ನು ಕೇಳಿ ಪಡೆದ. ಆಪತ್ತಿನ ನಿಧಿಯಲ್ಲಿ ಉಳಿದ ಹಣವನ್ನು ಅಲ್ಲಿಯೇ ಏಳು ಪಾಲು ಮಾಡಿ, ಹಾಳೆಯ ಕೆಳಗೆ ಎರಡು ಸಾಲು ಸೇರಿಸಿದ: "ಹೊಸ ಟ್ಯೂಬು ಎರಡು, ಅಂಟು ಹೊಸದು. ಹೊರಡುವ ಮುನ್ನ ಡಬ್ಬಿ ತೆರೆದು ನೋಡುವುದು."